ಸಣ್ಣ ಅಪಘಾತ ಮತ್ತು ಸ್ಥಳತ್ಯಾಗ

ಸ್ಥಳತ್ಯಾಗ ಎಂದರೆ ಅಪಘಾತಕ್ಕೀಡಾದ ಮೋಟಾರು ವಾಹನದ ಚಾಲಕ, ಕಾನೂನು ತನ್ನ ಮೇಲೆ ಹೊರಿಸಿರುವ ಕರ್ತವ್ಯಗಳನ್ನು ಪೂರೈಸದೆ ಅಪಘಾತ ನಡೆದ ಜಾಗದಿಂದ ಹೊರಟುಹೋಗುವುದು. ಭಾರತದಲ್ಲಿ ಇದಕ್ಕೆ ಅನ್ವಯವಾಗುವುದು ಮುಖ್ಯವಾಗಿ 1988ರ ಮೋಟಾರು ವಾಹನ ಕಾಯ್ದೆಯ 132, 133, 134 ಮತ್ತು 187ನೆಯ ಕಲಂಗಳು. ಯಾರಾದರೂ ಸತ್ತರೆ ಅಥವಾ ಭಾರಿ ಗಾಯಗೊಂಡರೆ ಮಾತ್ರ ಠಾಣೆಗೆ ತಿಳಿಸಬೇಕು ಎಂಬ ನಂಬಿಕೆ ಜನರಲ್ಲಿದೆ. ಕಾಯ್ದೆಯಲ್ಲಿ ಅಂಥ ಮಿತಿಯಿಲ್ಲ. ರಸ್ತೆ ಬದಿ ನಿಲ್ಲಿಸಿದ್ದ ಬೇರೆಯವರ ಕಾರಿನ ಬಾಗಿಲು ನೆಗ್ಗಿದರೂ ಚಾಲಕನಿಗೆ ಕರ್ತವ್ಯ ಹುಟ್ಟುತ್ತದೆ. ಸಾವು ಸಂಭವಿಸದ, ವಸ್ತುಹಾನಿ ಅಥವಾ ಅಲ್ಪಗಾಯಕ್ಕೆ ಮುಗಿದ ಅಪಘಾತಗಳಲ್ಲಿ ಸ್ಥಳತ್ಯಾಗ ಮಾಡಿದವರಿಗೆ ಒದಗುವ ಕಾನೂನಿನ ಪರಿಣಾಮಗಳು ಈ ಲೇಖನದ ವಿಷಯ.

ಪದಗಳು ಮತ್ತು ವ್ಯಾಪ್ತಿ

'ಸಣ್ಣ ಅಪಘಾತ' ಎಂಬುದು ಆಡುಮಾತಿನ ಪದ. ಮೋಟಾರು ವಾಹನ ಕಾಯ್ದೆಯಲ್ಲಾಗಲಿ ಭಾರತೀಯ ನ್ಯಾಯ ಸಂಹಿತೆಯಲ್ಲಾಗಲಿ ಅದಕ್ಕೆ ವ್ಯಾಖ್ಯೆ ಕೊಟ್ಟಿಲ್ಲ. ಬಂಪರ್ ತಾಗಿದ್ದು, ಪಕ್ಕದ ಕನ್ನಡಿ ಮುರಿದದ್ದು, ಬಣ್ಣ ಗೀರಿದ್ದು, ಬೈಕ್ ಸವಾರ ಬಿದ್ದು ಮೊಣಕಾಲು ತರಚಿದ್ದು ಇವೆಲ್ಲ ಜನರ ಮಾತಿನಲ್ಲಿ ಸಣ್ಣವೇ. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವಾರ್ಷಿಕ ವರದಿ ಅಪಘಾತಗಳನ್ನು ಮಾರಣಾಂತಿಕ, ತೀವ್ರ ಗಾಯದ, ಅಲ್ಪ ಗಾಯದ ಮತ್ತು ಗಾಯರಹಿತ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಇಲ್ಲಿ 'ಸಣ್ಣ ಅಪಘಾತ' ಎಂದಿರುವುದು ಕೊನೆಯ ಎರಡು ವರ್ಗಗಳಿಗೆ.

ಕಣ್ಣಿಗೆ ಸಣ್ಣದೆಂದು ಕಂಡದ್ದು ಕಾನೂನಿನಲ್ಲಿ ಸಣ್ಣದೇ ಆಗಿರಬೇಕೆಂದಿಲ್ಲ. ನ್ಯಾಯ ಸಂಹಿತೆಯ 116ನೆಯ ಕಲಂ ಪ್ರಕಾರ ಮೂಳೆ ಅಥವಾ ಹಲ್ಲು ಮುರಿದರೆ ಅದು ತೀವ್ರ ಗಾಯ. ಗಾಯಾಳು 15 ದಿನ ತೀವ್ರ ನೋವಿನಲ್ಲಿದ್ದರೆ ಅಥವಾ ತನ್ನ ನಿತ್ಯದ ಕೆಲಸ ಮಾಡಿಕೊಳ್ಳಲಾಗದಿದ್ದರೆ ಅದೂ ತೀವ್ರ ಗಾಯವೇ. ಹಳೆಯ ಭಾರತೀಯ ದಂಡ ಸಂಹಿತೆಯಲ್ಲಿ ಈ ಅವಧಿ 20 ದಿನವಿತ್ತು. ಸ್ಕೂಟರಿನಿಂದ ಬಿದ್ದು ಎದ್ದು ನಿಂತು 'ಏನಾಗಿಲ್ಲ ಬಿಡಿ' ಎಂದವರ ಮಣಿಕಟ್ಟಿನಲ್ಲಿ ಸಂಜೆ ಎಕ್ಸ್‌ರೇ ತೆಗೆದಾಗ ಬಿರುಕು ಕಾಣಿಸಿಕೊಂಡರೆ, ಬೆಳಗಿನ ಸಣ್ಣ ಅಪಘಾತ ತೀವ್ರ ಗಾಯದ ಪ್ರಕರಣವಾಗುತ್ತದೆ. ಸ್ಥಳದಲ್ಲಿ ನಿಲ್ಲದೆ ಹೋದ ಚಾಲಕನಿಗೆ ಇದು ಗೊತ್ತಾಗುವುದು ಪೊಲೀಸರು ಕರೆದಾಗಲೇ.

'ಹಿಟ್ ಅಂಡ್ ರನ್' ಅಥವಾ ಪತ್ರಿಕೆಗಳ 'ಗುದ್ದೋಡು' ಎಂಬ ಪದವನ್ನು ಸ್ಥಳತ್ಯಾಗಕ್ಕೆ ಪರ್ಯಾಯವಾಗಿ ಬಳಸುವುದು ರೂಢಿ. ಕಾಯ್ದೆಯ 161ನೆಯ ಕಲಂ ಆ ಪದಕ್ಕೆ ಕೊಡುವ ಅರ್ಥ ಬೇರೆ. ಸೂಕ್ತ ಪ್ರಯತ್ನ ಮಾಡಿದರೂ ವಾಹನ ಯಾವುದೆಂದು ಪತ್ತೆಯಾಗದ ಅಪಘಾತ ಮಾತ್ರ ಆ ಕಲಮಿನ ಪ್ರಕಾರ ಹಿಟ್ ಅಂಡ್ ರನ್. ಓಡಿಹೋದ ಕಾರಿನ ನೋಂದಣಿ ಸಂಖ್ಯೆಯನ್ನು ಯಾರಾದರೂ ಬರೆದಿಟ್ಟುಕೊಂಡಿದ್ದು ವಾಹನ ಪತ್ತೆಯಾದರೆ ಅದು ಸ್ಥಳತ್ಯಾಗ, ಆದರೆ 161ರ ಅರ್ಥದ ಹಿಟ್ ಅಂಡ್ ರನ್ ಅಲ್ಲ. ಪರಿಹಾರ ಯಾರಿಂದ ಬರಬೇಕೆಂಬುದು ಈ ಭೇದದ ಮೇಲೆ ನಿಂತಿದೆ.

ಹಿನ್ನೆಲೆ

ಅಪಘಾತವಾದರೆ ನಿಲ್ಲಬೇಕು, ಕೇಳಿದವರಿಗೆ ಹೆಸರು ವಿಳಾಸ ಕೊಡಬೇಕು ಎಂಬ ನಿಯಮ ಬ್ರಿಟನ್ನಿನ 1903ರ ಮೋಟಾರ್ ಕಾರ್ ಕಾಯ್ದೆಯಲ್ಲೇ ಇತ್ತು. ಕುದುರೆ ಗಾಡಿಗಳ ನಡುವೆ ಹೊಸದಾಗಿ ಬಂದ ಕಾರು, ಅಪಘಾತ ಮಾಡಿ ಗುರುತು ಸಿಗದಷ್ಟು ವೇಗದಲ್ಲಿ ದೂರ ಹೋಗಬಲ್ಲದಾಗಿತ್ತು. ಭಾರತದಲ್ಲಿ ಮೊದಲ ಕೇಂದ್ರ ಮೋಟಾರು ವಾಹನ ಕಾಯ್ದೆ 1914ರಲ್ಲಿ ಬಂತು. ಅದರ ಜಾಗಕ್ಕೆ ಬಂದ 1939ರ ಕಾಯ್ದೆಯಲ್ಲಿ 87, 88 ಮತ್ತು 89ನೆಯ ಕಲಂಗಳು ಕ್ರಮವಾಗಿ ವಾಹನ ನಿಲ್ಲಿಸುವ ಕರ್ತವ್ಯ, ಮಾಲೀಕ ಮಾಹಿತಿ ಕೊಡುವ ಕರ್ತವ್ಯ ಮತ್ತು ಅಪಘಾತವಾದಾಗ ಚಾಲಕನ ಕರ್ತವ್ಯಗಳನ್ನು ಹೇಳುತ್ತಿದ್ದವು. ಇಂದಿನ 132, 133 ಮತ್ತು 134 ಅವುಗಳದೇ ಮುಂದುವರಿಕೆ.

ವಾಹನ ಪತ್ತೆಯಾಗದ ಪ್ರಕರಣಗಳಲ್ಲಿ ಸರ್ಕಾರದ ನಿಧಿಯಿಂದ ಸಾಂತ್ವನ ಧನ ಕೊಡುವ ಏರ್ಪಾಡು 1982ರ ತಿದ್ದುಪಡಿಯಲ್ಲಿ ಸೇರಿತು. 1988ರ ಕಾಯ್ದೆ 1989ರ ಜುಲೈ 1ರಂದು ಜಾರಿಗೆ ಬಂತು. 1994ರ ತಿದ್ದುಪಡಿ ವಿಮಾ ಕಂಪನಿಗೂ ಲಿಖಿತ ಮಾಹಿತಿ ಕೊಡಬೇಕೆಂದು 134ಕ್ಕೆ ಸೇರಿಸಿತು, 132ರ ಒಳರಚನೆಯನ್ನೂ ಬದಲಿಸಿತು. ಶಿಕ್ಷೆ ಹೇಳುವ 187 ಮಾತ್ರ 132ರ ಹಳೆಯ ಖಂಡವನ್ನೇ ಹೆಸರಿಸುತ್ತ ಉಳಿಯಿತು. 25 ವರ್ಷ ಯಾರೂ ಮುಟ್ಟದ ಈ ಹೊಂದಾಣಿಕೆಯ ತಪ್ಪನ್ನು 2019ರ ತಿದ್ದುಪಡಿ ಸರಿಪಡಿಸಿತು. ದಂಡದ ಮೊತ್ತವನ್ನು ಹತ್ತು ಪಟ್ಟು ಏರಿಸಿದ್ದೂ ಅದೇ ತಿದ್ದುಪಡಿ.

ಚಾಲಕನ ಕರ್ತವ್ಯಗಳು

132ನೆಯ ಕಲಂ ನಿಲ್ಲಿಸುವುದಕ್ಕೆ ಸಂಬಂಧಿಸಿದ್ದು. ವ್ಯಕ್ತಿ, ಪ್ರಾಣಿ, ವಾಹನ ಅಥವಾ ಆಸ್ತಿಗೆ ಅಪಘಾತವಾದಾಗ, ಸಮವಸ್ತ್ರದಲ್ಲಿರುವ ಸಬ್ ಇನ್‌ಸ್ಪೆಕ್ಟರ್ ಅಥವಾ ಮೇಲಿನ ದರ್ಜೆಯ ಪೊಲೀಸ್ ಅಧಿಕಾರಿ ಸೂಚಿಸಿದರೆ ಚಾಲಕ ವಾಹನ ನಿಲ್ಲಿಸಿ, ಅಗತ್ಯವಿರುವಷ್ಟು ಹೊತ್ತು ಅಲ್ಲೇ ಇರಿಸಬೇಕು. ಆ ಅವಧಿ 24 ಗಂಟೆ ಮೀರುವಂತಿಲ್ಲ. ಅಪಘಾತದಿಂದ ಬಾಧಿತನಾದವನು ತನ್ನ ಹೆಸರು ವಿಳಾಸ ಹೇಳಿ ಕೇಳಿದರೆ ಚಾಲಕ ತನ್ನ ಮತ್ತು ವಾಹನದ ಮಾಲೀಕನ ಹೆಸರು ವಿಳಾಸ ಕೊಡಲೇಬೇಕು. ಕೇಳುವವರು ಮೊದಲು ತಮ್ಮದನ್ನು ಹೇಳಬೇಕೆಂಬ ಷರತ್ತು ಗಮನಾರ್ಹ. ರಸ್ತೆಯ ಜಗಳದಲ್ಲಿ ಸಾಮಾನ್ಯವಾಗಿ ಎರಡೂ ಕಡೆಯವರು ಇದನ್ನು ಮರೆಯುತ್ತಾರೆ.

ಈ ವಿಷಯದ ತಿರುಳಿರುವುದು 134ರಲ್ಲಿ. ಅದರ ತಲೆಬರಹ 'ವ್ಯಕ್ತಿಗೆ ಗಾಯವಾದಾಗ' ಎಂದಿದ್ದರೂ ಒಡಲಿನಲ್ಲಿ ಮೂರನೆಯವರ ಆಸ್ತಿಗೆ ಹಾನಿಯಾದ ಸಂದರ್ಭವೂ ಸೇರಿದೆ. ಕರ್ತವ್ಯಗಳು ಮೂರು ಖಂಡಗಳಲ್ಲಿವೆ. ಮೊದಲನೆಯದು ಚಿಕಿತ್ಸೆ: ಗಾಯಾಳುವನ್ನು ಹತ್ತಿರದ ವೈದ್ಯರಲ್ಲಿಗೆ ಅಥವಾ ಆಸ್ಪತ್ರೆಗೆ ಸೇರಿಸಲು ಸಾಧ್ಯವಿರುವ ಎಲ್ಲ ಕ್ರಮ ಕೈಗೊಳ್ಳಬೇಕು. ಅಲ್ಲಿನ ವೈದ್ಯರು ಕಾಗದ ಪತ್ರಗಳ ವಿಧಿ ಮುಗಿಯಲೆಂದು ಕಾಯದೆ ಚಿಕಿತ್ಸೆ ಆರಂಭಿಸಬೇಕು. ಎರಡನೆಯದು ವರದಿ: ಪೊಲೀಸರು ಕೇಳಿದ ಮಾಹಿತಿ ಕೊಡಬೇಕು. ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ಹತ್ತಿರದ ಠಾಣೆಯಲ್ಲಿ ನಡೆದದ್ದನ್ನು ವರದಿ ಮಾಡಬೇಕು. ಮೂರನೆಯದು ವಿಮೆ: ಪಾಲಿಸಿ ಸಂಖ್ಯೆ ಮತ್ತು ಅವಧಿ, ಅಪಘಾತದ ದಿನ, ಹೊತ್ತು, ಸ್ಥಳ, ಗಾಯಗೊಂಡವರ ವಿವರ, ಚಾಲಕನ ಹೆಸರು ಮತ್ತು ಚಾಲನಾ ಪರವಾನಗಿಯ ವಿವರವನ್ನು ವಿಮಾ ಕಂಪನಿಗೆ ಬರೆದು ತಿಳಿಸಬೇಕು. ಈ ಕಲಮಿನ ಮಟ್ಟಿಗೆ 'ಚಾಲಕ' ಎಂಬ ಪದದಲ್ಲಿ ಮಾಲೀಕನೂ ಸೇರುತ್ತಾನೆ.

ಎರಡೂ ಕಲಂಗಳನ್ನು ಒಟ್ಟಿಗೆ ಓದಿದರೆ, ಭಾರತದ ಕಾನೂನು ಜಾಗ ಬಿಟ್ಟು ಹೋಗುವುದನ್ನೇ ಪ್ರತ್ಯೇಕ ಅಪರಾಧವೆಂದು ಕರೆದಿಲ್ಲ ಎಂಬುದು ತಿಳಿಯುತ್ತದೆ. ಅದು ಶಿಕ್ಷಿಸುವುದು ಗಾಯಾಳುವನ್ನು ನೋಡಿಕೊಳ್ಳದೆ, ಕೇಳಿದವರಿಗೆ ಗುರುತು ಕೊಡದೆ, ಠಾಣೆಗೆ ತಿಳಿಸದೆ ಹೋಗುವುದನ್ನು. ಉದ್ರಿಕ್ತ ಗುಂಪಿನ ಭಯದಿಂದಲೋ ತನ್ನ ಕೈಮೀರಿದ ಬೇರೆ ಕಾರಣದಿಂದಲೋ ಗಾಯಾಳುವಿಗೆ ಚಿಕಿತ್ಸೆ ಕೊಡಿಸಲಾಗದ ಚಾಲಕನಿಗೆ 134 ಸ್ಪಷ್ಟವಾಗಿ ವಿನಾಯಿತಿ ಕೊಟ್ಟಿದೆ. ಆದರೆ ವಿನಾಯಿತಿ ಇರುವುದು ಮೊದಲ ಖಂಡಕ್ಕೆ ಮಾತ್ರ. ಯಾಕೆ ನಿಲ್ಲಲಾಗಲಿಲ್ಲ ಎಂಬ ಕಾರಣವನ್ನೂ ಸೇರಿಸಿ 24 ಗಂಟೆಯೊಳಗೆ ಠಾಣೆಯಲ್ಲಿ ಹೇಳಬೇಕೆಂದು ಎರಡನೆಯ ಖಂಡ ವಿಧಿಸುತ್ತದೆ. ಗುಂಪಿಗೆ ಹೆದರಿ ನೇರವಾಗಿ ಠಾಣೆಗೆ ಕಾರು ಓಡಿಸಿದವನು ಕಾನೂನು ಪಾಲಿಸಿದವನು. ಅದೇ ಗುಂಪಿಗೆ ಹೆದರಿ ಮನೆಗೆ ಹೋಗಿ ಸುಮ್ಮನಿದ್ದವನು ಅಪರಾಧಿ.

ಯಾರದೆಂದು ತಿಳಿಯದ ನಿಂತ ಕಾರಿಗೆ ತಾಗಿಸಿದಾಗ ವೈಪರಿನಡಿ ಹೆಸರು, ಫೋನ್ ಸಂಖ್ಯೆಯ ಚೀಟಿ ಇಟ್ಟು ಹೋಗುವ ಅಭ್ಯಾಸ ಕೆಲವರಿಗಿದೆ. ಬಾಧಿತನಿಗೆ ಅದರಿಂದ ಉಪಕಾರವಾಗುತ್ತದೆ, ಚಾಲಕನ ಸದುದ್ದೇಶಕ್ಕೂ ಅದು ಸಾಕ್ಷಿಯಾಗುತ್ತದೆ. ಆದರೆ ಠಾಣೆಗೆ ವರದಿ ಮಾಡಬೇಕೆಂಬ ಕರ್ತವ್ಯಕ್ಕೆ ಚೀಟಿ ಬದಲಿ ಎಂದು 134 ಎಲ್ಲೂ ಹೇಳಿಲ್ಲ. ವಿದ್ಯುತ್ ಕಂಬ, ರಸ್ತೆ ವಿಭಜಕ, ಅಂಗಡಿಯ ಶಟರ್, ಮನೆಯ ಕಾಂಪೌಂಡ್ ಇವೂ ಮೂರನೆಯವರ ಆಸ್ತಿಗಳೇ.

ಮಾಲೀಕನ ಹೊಣೆ

ಸ್ಥಳತ್ಯಾಗದ ಪ್ರಕರಣಗಳಲ್ಲಿ ಮೊದಲು ಸಿಗುವುದು ನೋಂದಣಿ ಸಂಖ್ಯೆ. ಅದರಿಂದ ತಿಳಿಯುವುದು ಮಾಲೀಕನ ಹೆಸರು, ಚಾಲಕನದಲ್ಲ. ಈ ಅಂತರವನ್ನು ತುಂಬುವುದು 133. ಕಾಯ್ದೆಯಡಿಯ ಅಪರಾಧದ ಆರೋಪವಿರುವಾಗ ಪೊಲೀಸರು ಕೇಳಿದರೆ, ವಾಹನ ಓಡಿಸುತ್ತಿದ್ದವರ ಹೆಸರು, ವಿಳಾಸ, ಪರವಾನಗಿಯ ವಿವರವನ್ನು ಮಾಲೀಕ ಕೊಡಬೇಕು. ಕೊಡದಿದ್ದರೆ ಚಾಲಕನಿಗಿರುವಷ್ಟೇ ಶಿಕ್ಷೆ 187ರಡಿ ಅವನಿಗೂ ಅನ್ವಯಿಸುತ್ತದೆ. ಓಡಿಸಿದ್ದು ಮನೆಯ ಅಪ್ರಾಪ್ತ ಮಗ ಅಥವಾ ಮಗಳು ಎಂದು ಹೊರಬಿದ್ದರೆ ವಿಷಯ ಬೇರೆಯೇ ತೂಕ ಪಡೆಯುತ್ತದೆ. 2019ರಲ್ಲಿ ಸೇರಿಸಿದ 199ಎ ಕಲಂ ಪೋಷಕರಿಗೆ ಅಥವಾ ಮಾಲೀಕನಿಗೆ 3 ವರ್ಷದವರೆಗಿನ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸುತ್ತದೆ.

187ರ ಶಿಕ್ಷೆ

132ರ ಮೊದಲ ಖಂಡ, 133 ಅಥವಾ 134ನ್ನು ಪಾಲಿಸದವರಿಗೆ 6 ತಿಂಗಳವರೆಗಿನ ಸೆರೆವಾಸ, ಅಥವಾ 5,000 ರೂಪಾಯಿವರೆಗಿನ ದಂಡ, ಅಥವಾ ಎರಡೂ. ಇದೇ ಕಲಮಿನಡಿ ಮೊದಲೇ ಶಿಕ್ಷೆಯಾಗಿದ್ದವರಿಗೆ 1 ವರ್ಷದವರೆಗಿನ ಸೆರೆವಾಸ, ಅಥವಾ 10,000 ರೂಪಾಯಿವರೆಗಿನ ದಂಡ, ಅಥವಾ ಎರಡೂ. 2019ಕ್ಕೆ ಮೊದಲು ಮೊದಲ ಸಲದ ಮಿತಿ 3 ತಿಂಗಳು ಮತ್ತು 500 ರೂಪಾಯಿ ಇತ್ತು.

ಮೊತ್ತಕ್ಕಿಂತ ಮುಖ್ಯವಾದದ್ದು, ಈ ದಂಡವನ್ನು ರಸ್ತೆಯಲ್ಲಿ ರಸೀದಿ ಪಡೆದು ಕಟ್ಟಿ ಮುಗಿಸುವಂತಿಲ್ಲ. ಹೆಲ್ಮೆಟ್ ಧರಿಸದಿರುವುದು, ಅತಿವೇಗ ಮುಂತಾದ ಅಪರಾಧಗಳನ್ನು ಸ್ಥಳದಲ್ಲೇ ದಂಡ ಪಡೆದು ಇತ್ಯರ್ಥಪಡಿಸಲು 200ನೆಯ ಕಲಂ ಅವಕಾಶ ಕೊಡುತ್ತದೆ. ಅದರ ಪಟ್ಟಿಯಲ್ಲಿ 187 ಇಲ್ಲ. ಹೀಗಾಗಿ ಪ್ರಕರಣ ಮ್ಯಾಜಿಸ್ಟ್ರೇಟರ ಮುಂದೆ ಹೋಗಲೇಬೇಕು. ಕರ್ನಾಟಕ ಸರ್ಕಾರ 2019ರ ಸೆಪ್ಟೆಂಬರ್‌ನಲ್ಲಿ ಕೆಲವು ಸಂಚಾರ ದಂಡಗಳನ್ನು ಇಳಿಸಿದ್ದಾಗಲಿ, 2023ರ ಫೆಬ್ರುವರಿಯಲ್ಲಿ ಬಾಕಿ ದಂಡಗಳಿಗೆ ಶೇ. 50ರ ರಿಯಾಯಿತಿ ಕೊಟ್ಟದ್ದಾಗಲಿ ಸ್ಥಳದಂಡದ ಅಪರಾಧಗಳಿಗೆ ಸಂಬಂಧಿಸಿದ್ದು, ಇದಕ್ಕಲ್ಲ.

187 ಒಂದೇ ಇದ್ದರೆ ಅದು ಅಸಂಜ್ಞೇಯ ಮತ್ತು ಜಾಮೀನು ಸಿಗುವ ಅಪರಾಧ. ವಾರಂಟ್ ಇಲ್ಲದೆ ಬಂಧಿಸುವ ಅಧಿಕಾರ ಸಾಮಾನ್ಯವಾಗಿ ಪೊಲೀಸರಿಗಿಲ್ಲ. ಆದರೆ ಕಾಯ್ದೆಯಡಿ ಅಪರಾಧ ಮಾಡಿದವರು ಹೆಸರು ವಿಳಾಸ ಹೇಳಲು ನಿರಾಕರಿಸಿದರೆ ಬಂಧಿಸಬಹುದೆಂದು 202ನೆಯ ಕಲಂ ಹೇಳುತ್ತದೆ. ಗರಿಷ್ಠ ಸೆರೆವಾಸ 1 ವರ್ಷ ಮೀರದ ಅಪರಾಧವಾದ್ದರಿಂದ ನ್ಯಾಯಾಲಯ ಪ್ರಕರಣವನ್ನು ಗಣನೆಗೆ ತೆಗೆದುಕೊಳ್ಳಲು 1 ವರ್ಷದ ಕಾಲಮಿತಿಯಿದೆ.

ಪರವಾನಗಿಯ ಮೇಲಿನ ಪರಿಣಾಮ ಪ್ರತ್ಯೇಕ. ಸಾರ್ವಜನಿಕರಿಗೆ ಉಪದ್ರವ ಅಥವಾ ಅಪಾಯ ತರುವ ಕೃತ್ಯಗಳನ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 21ನೆಯ ನಿಯಮ ಪಟ್ಟಿ ಮಾಡಿದೆ. ವಾಹನ ಕಳವು, ಕುಡಿದು ಓಡಿಸುವುದು ಮೊದಲಾದವುಗಳ ಸಾಲಿನಲ್ಲೇ 134ನ್ನು ಪಾಲಿಸದಿರುವುದೂ ಸೇರಿದೆ. ಇದರ ಆಧಾರದ ಮೇಲೆ ಪ್ರಾದೇಶಿಕ ಸಾರಿಗೆ ಕಚೇರಿಯ ಪರವಾನಗಿ ಪ್ರಾಧಿಕಾರ 19ನೆಯ ಕಲಮಿನಡಿ ಚಾಲಕನನ್ನು ನಿರ್ದಿಷ್ಟ ಅವಧಿಗೆ ಅನರ್ಹಗೊಳಿಸಬಹುದು ಅಥವಾ ಪರವಾನಗಿಯನ್ನೇ ರದ್ದುಪಡಿಸಬಹುದು. ಅದಕ್ಕೂ ಮೊದಲು ಚಾಲಕನ ಅಹವಾಲು ಕೇಳಬೇಕು. ಆದೇಶದ ವಿರುದ್ಧ 30 ದಿನಗಳೊಳಗೆ ಮೇಲ್ಮನವಿಗೆ ಅವಕಾಶವಿದೆ. ಬಾಡಿಗೆ ಕಾರು ಅಥವಾ ಸರಕು ವಾಹನ ಓಡಿಸಿ ಬದುಕುವವರಿಗೆ 5,000 ರೂಪಾಯಿ ದಂಡಕ್ಕಿಂತ ಇದರ ಪೆಟ್ಟು ದೊಡ್ಡದು.

ಜೊತೆಗೆ ಸೇರುವ ಅಪರಾಧಗಳು

ಸ್ಥಳತ್ಯಾಗದ ಆರೋಪ ಒಂಟಿಯಾಗಿ ಬರುವುದು ಅಪರೂಪ. ಕರ್ನಾಟಕದ ಸಂಚಾರ ಠಾಣೆಗಳ ಪ್ರಥಮ ವರ್ತಮಾನ ವರದಿಗಳಲ್ಲಿ 134ರ ಎ ಮತ್ತು ಬಿ ಖಂಡಗಳನ್ನು 187ರೊಂದಿಗೆ ಜೋಡಿಸಿ, ಅದಕ್ಕೆ ಮೊದಲು ನ್ಯಾಯ ಸಂಹಿತೆಯ ಕಲಂಗಳನ್ನು ನಮೂದಿಸುವುದು ವಾಡಿಕೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 281 ಸಾರ್ವಜನಿಕ ರಸ್ತೆಯಲ್ಲಿ ದುಡುಕಿನ ಅಥವಾ ನಿರ್ಲಕ್ಷ್ಯದ ಚಾಲನೆಗೆ 6 ತಿಂಗಳವರೆಗಿನ ಸೆರೆವಾಸ ಅಥವಾ 1,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಇದು ಹಳೆಯ 279ರ ಜಾಗಕ್ಕೆ ಬಂದದ್ದು. ಹಳೆಯ 337 ಮತ್ತು 338ರ ಜಾಗದಲ್ಲಿರುವ 125ನೆಯ ಕಲಮಿನಲ್ಲಿ, ಗಾಯವಾದರೆ 6 ತಿಂಗಳವರೆಗಿನ ಸೆರೆವಾಸ ಅಥವಾ 5,000 ರೂಪಾಯಿವರೆಗಿನ ದಂಡ, ತೀವ್ರ ಗಾಯವಾದರೆ 3 ವರ್ಷದವರೆಗಿನ ಸೆರೆವಾಸ ಅಥವಾ 10,000 ರೂಪಾಯಿವರೆಗಿನ ದಂಡ ಇದೆ. ಎರಡರಲ್ಲೂ ಸೆರೆ ಮತ್ತು ದಂಡವನ್ನು ಒಟ್ಟಿಗೇ ವಿಧಿಸಬಹುದು. ಇವು ಸಂಜ್ಞೇಯ ಅಪರಾಧಗಳಾದ್ದರಿಂದ ಇವುಗಳ ಜೊತೆ ಸೇರಿದ 187ರ ತನಿಖೆಗೂ ಪ್ರತ್ಯೇಕ ಅನುಮತಿ ಬೇಕಾಗುವುದಿಲ್ಲ.

ಸುತ್ತ ಯಾರೂ ಇಲ್ಲದಾಗ ನಿಂತ ಕಾರಿಗೆ ತಾಗಿಸಿ ಹೋದರೆ ಚಿತ್ರ ಬದಲಾಗುತ್ತದೆ. 281ಕ್ಕೆ ಮನುಷ್ಯರ ಜೀವಕ್ಕೆ ಅಪಾಯ ಅಥವಾ ಯಾರಿಗಾದರೂ ಗಾಯವಾಗುವ ಸಂಭವ ಬೇಕು. ಹಾನಿ ಮಾಡುವ ಉದ್ದೇಶ ಅಥವಾ ಅರಿವು ಇಲ್ಲದಿದ್ದರೆ ಆಸ್ತಿನಷ್ಟದ 324ನೆಯ ಕಲಂ ಹೊಂದುವುದಿಲ್ಲ. ಸಾರ್ವಜನಿಕ ಆಸ್ತಿಗೆ ಹಾನಿ ತಡೆಯುವ 1984ರ ಕಾಯ್ದೆಗೂ ಅದೇ ಉದ್ದೇಶದ ಅಂಶ ಅಗತ್ಯ. ಆಗ ಉಳಿಯುವುದು 187 ಮಾತ್ರ. ಠಾಣೆ ಅದನ್ನು ಅಸಂಜ್ಞೇಯ ಪ್ರಕರಣವಾಗಿ ದಾಖಲಿಸಿ, ತನಿಖೆಗೆ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕಾಗುತ್ತದೆ. ಗೀರಿದ ಕಾರಿನ ದೂರುಗಳು ಬಹಳ ಮುಂದೆ ಹೋಗದಿರುವುದಕ್ಕೆ ಪೊಲೀಸರ ಉದಾಸೀನದಷ್ಟೇ ಈ ವಿಧಿಯೂ ಕಾರಣ.

ಮೋಟಾರು ವಾಹನ ಕಾಯ್ದೆ ವಿಶೇಷ ಕಾಯ್ದೆಯಾದ್ದರಿಂದ ದಂಡ ಸಂಹಿತೆಯಡಿ ಬೇರೆ ಮೊಕದ್ದಮೆ ನಡೆಯದು ಎಂಬ ವಾದವನ್ನು ಸುಪ್ರೀಂ ಕೋರ್ಟ್ 2019ರಲ್ಲಿ ಅರುಣಾಚಲ ಪ್ರದೇಶದ ಪ್ರಕರಣವೊಂದರಲ್ಲಿ ತಳ್ಳಿಹಾಕಿತು. ಎರಡೂ ಕಾನೂನುಗಳು ತಮ್ಮ ತಮ್ಮ ಕ್ಷೇತ್ರದಲ್ಲಿ ಸ್ವತಂತ್ರವಾಗಿ ನಡೆಯಬಲ್ಲವು.

ಕುಡಿದು ಓಡಿಸಿದ್ದು ಬಯಲಾಗಬಾರದೆಂದು ಸ್ಥಳ ಬಿಡುವವರೂ ಉಂಟು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಕಂಡುಬಂದರೆ 185ರಡಿ ಮೊದಲ ಸಲಕ್ಕೆ 6 ತಿಂಗಳವರೆಗಿನ ಸೆರೆವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಸ್ಥಳ ಬಿಟ್ಟವನು ಪರೀಕ್ಷೆ ತಪ್ಪಿಸಿಕೊಂಡಾನು. ಆದರೆ ಸಿಕ್ಕ ಮೇಲೆ ಸೂಕ್ತ ಕಾರಣವಿಲ್ಲದೆ ಉಸಿರಿನ ಅಥವಾ ರಕ್ತದ ಪರೀಕ್ಷೆಗೆ ಒಪ್ಪದಿದ್ದರೆ ಆ ನಿರಾಕರಣೆಯನ್ನೇ ಅವನ ವಿರುದ್ಧದ ಸಾಕ್ಷ್ಯಕ್ಕೆ ಬೆಂಬಲವಾಗಿ ನ್ಯಾಯಾಲಯ ಪರಿಗಣಿಸಬಹುದೆಂದು 205 ಹೇಳುತ್ತದೆ.

ಪ್ರಾಣಿಗಳಿಗೆ ಅಪಘಾತ

132ನೆಯ ಕಲಂ 'ಪ್ರಾಣಿ' ಎಂಬ ಪದಕ್ಕೆ ತನ್ನದೇ ಪಟ್ಟಿ ಕೊಟ್ಟಿದೆ: ಕುದುರೆ, ದನ, ಆನೆ, ಒಂಟೆ, ಕತ್ತೆ, ಹೇಸರಗತ್ತೆ, ಕುರಿ ಮತ್ತು ಆಡು. ನಾಯಿ, ಬೆಕ್ಕು ಅದರಲ್ಲಿಲ್ಲ. ಬೆಂಗಳೂರಿನಲ್ಲಿ ಸಾಕುನಾಯಿಗೆ ಕಾರು ಗುದ್ದಿ ನಿಲ್ಲಿಸದೆ ಹೋದನೆಂದು 134 ಮತ್ತು 187ರಡಿಯೂ ದಾಖಲಾಗಿದ್ದ ಪ್ರಕರಣವನ್ನು ಕರ್ನಾಟಕ ಹೈಕೋರ್ಟ್ 2022ರ ಅಕ್ಟೋಬರ್‌ನಲ್ಲಿ ರದ್ದುಪಡಿಸಿತು. 134 ಹೇಳುವುದು ವ್ಯಕ್ತಿಗಾದ ಗಾಯವನ್ನು, ಪ್ರಾಣಿಗಾದದ್ದನ್ನಲ್ಲ ಎಂಬುದು ತೀರ್ಪಿನ ನಿಲುವು. ದಂಡ ಸಂಹಿತೆಯ 279 ಕೂಡ ಮನುಷ್ಯರಿಗೆ ಮಾತ್ರ ಸಂಬಂಧಿಸಿದ್ದೆಂದು ನ್ಯಾಯಾಲಯ ಹೇಳಿತು. ಸಾಕುಪ್ರಾಣಿಯ ಬೆಲೆ ಅಥವಾ ಚಿಕಿತ್ಸೆಯ ಖರ್ಚಿಗಾಗಿ ಮಾಲೀಕ ಸಿವಿಲ್ ದಾವೆ ಹೂಡುವುದು ಬೇರೆ ಮಾತು.

ತನಿಖೆ ಮತ್ತು ಸಾಕ್ಷ್ಯ

ಠಾಣೆಯಲ್ಲಿ ದೂರು ದಾಖಲಾದ ಬಳಿಕ ಸ್ಥಳ ಮಹಜರು, ಪ್ರತ್ಯಕ್ಷದರ್ಶಿಗಳ ಹೇಳಿಕೆ, ಸಿಸಿಟಿವಿ ದೃಶ್ಯ ಸಂಗ್ರಹ ಮತ್ತು ವಾಹನ ತಪಾಸಣೆ ನಡೆಯುತ್ತವೆ. ಒಡೆದ ದೀಪದ ಚೂರು, ಎದುರು ವಾಹನಕ್ಕೆ ಅಂಟಿದ ಬಣ್ಣ ಇವು ಹಳೆಯ ಕಾಲದ ಸುಳಿವುಗಳಾದರೂ ಇಂದಿಗೂ ಕೆಲಸಕ್ಕೆ ಬರುತ್ತವೆ. ಡ್ಯಾಶ್‌ಕ್ಯಾಮ್, ಅಂಗಡಿ ಕ್ಯಾಮೆರಾ ಮುಂತಾದ ವಿದ್ಯುನ್ಮಾನ ದಾಖಲೆಗಳನ್ನು ನ್ಯಾಯಾಲಯ ಒಪ್ಪಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರ ಬೇಕು. ವಾಹನವನ್ನು ತಪಾಸಣೆಗೆ ಬೇರೆಡೆಗೆ ಸಾಗಿಸಿದರೆ 24 ಗಂಟೆಯೊಳಗೆ ಹಿಂದಿರುಗಿಸಬೇಕೆಂದು 136 ಹೇಳುತ್ತದೆ.

ಆರೋಪ ಸಾಬೀತಾಗಲು, ಆ ಹೊತ್ತಿಗೆ ವಾಹನ ಓಡಿಸುತ್ತಿದ್ದವನು ಆರೋಪಿಯೇ ಎಂಬುದು ಸ್ಥಾಪಿತವಾಗಬೇಕು. ಅಪಘಾತವಾದದ್ದೇ ಚಾಲಕನಿಗೆ ತಿಳಿಯಲಿಲ್ಲ ಎಂಬ ವಾದ ದೊಡ್ಡ ಲಾರಿಯ ಹಿಂಬದಿಗೆ ಸ್ಕೂಟರ್ ಸವರಿದಂಥ ಸಂದರ್ಭದಲ್ಲಿ ನಂಬಲರ್ಹವಾಗಬಹುದು, ಮುಂಗನ್ನಡಿ ಒಡೆದ ಕಾರಿನ ಚಾಲಕನ ಬಾಯಲ್ಲಿ ಅಲ್ಲ.

ವಿಮೆ ಮತ್ತು ಪರಿಹಾರ

ಗಾಯಗೊಂಡವರ ಮತ್ತು ಆಸ್ತಿ ಕಳೆದುಕೊಂಡವರ ಪರಿಹಾರದ ಅರ್ಜಿಗಳನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ವಿಚಾರಿಸುತ್ತದೆ. ಆಸ್ತಿನಷ್ಟ 2,000 ರೂಪಾಯಿ ಮೀರಿದ್ದರೆ ಅರ್ಜಿದಾರ ಬಯಸಿದಲ್ಲಿ ಸಿವಿಲ್ ನ್ಯಾಯಾಲಯಕ್ಕೂ ಹೋಗಬಹುದು. ಕಡ್ಡಾಯ ಥರ್ಡ್ ಪಾರ್ಟಿ ವಿಮೆಯಲ್ಲಿ ಆಸ್ತಿನಷ್ಟದ ಸಾಮಾನ್ಯ ಮಿತಿ ಖಾಸಗಿ ಕಾರುಗಳಿಗೆ 7.5 ಲಕ್ಷ ರೂಪಾಯಿ, ದ್ವಿಚಕ್ರ ವಾಹನಗಳಿಗೆ 1 ಲಕ್ಷ ರೂಪಾಯಿ.

ಚಾಲಕ ಸ್ಥಳ ಬಿಟ್ಟನೆಂಬ ಒಂದೇ ಕಾರಣಕ್ಕೆ ವಿಮಾ ಕಂಪನಿ ಥರ್ಡ್ ಪಾರ್ಟಿ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ. ಪರವಾನಗಿ ಇಲ್ಲದಿರುವುದು, ಮದ್ಯಪಾನ ಮುಂತಾಗಿ 150ನೆಯ ಕಲಂ ಎಣಿಸಿರುವ ಸಮರ್ಥನೆಗಳಲ್ಲಿ ಸ್ಥಳತ್ಯಾಗ ಇಲ್ಲ. ತನ್ನ ವಾಹನದ ದುರಸ್ತಿಗೆ ಮಾಡುವ ಕ್ಲೇಮ್ ಬೇರೆ ಬಗೆಯದು. ಅಪಘಾತವನ್ನು ತಡಮಾಡದೆ ತಿಳಿಸಬೇಕೆಂಬುದು ಪಾಲಿಸಿಯ ಷರತ್ತು. ಮುಚ್ಚಿಟ್ಟು ವಾರಗಳ ನಂತರ ಹೇಳಿದ ಕಥೆ ಸ್ಥಳದ ಸಿಸಿಟಿವಿಗೆ ತಾಳೆಯಾಗದಿದ್ದರೆ ಕ್ಲೇಮ್ ತಿರಸ್ಕೃತವಾಗಬಹುದು.

ಬಾಧಿತನ ಕಡೆಯಿಂದ ನೋಡಿದರೆ ಕಾನೂನಿನ ದೊಡ್ಡ ಬಿರುಕು ಇಲ್ಲೇ ಇದೆ. ವಾಹನ ಪತ್ತೆಯಾಗದ ಹಿಟ್ ಅಂಡ್ ರನ್ ಪ್ರಕರಣಗಳಿಗೆ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಯೋಜನೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಕೊಡುತ್ತದೆ. ಮೊದಲು ಇದು 25,000 ಮತ್ತು 12,500 ಇತ್ತು. ಸಾಧಾರಣ ಗಾಯಕ್ಕೂ ವಾಹನದ ಹಾನಿಗೂ ಅದರಲ್ಲಿ ಏನೂ ಇಲ್ಲ. ಸಣ್ಣ ಅಪಘಾತ ಮಾಡಿದವನು ಗುರುತು ಸಿಗದೆ ಹೋದರೆ, ನಷ್ಟ ತುಂಬಿಕೊಳ್ಳಲು ಉಳಿಯುವುದು ಬಾಧಿತನ ಸ್ವಂತ ವಿಮೆ ಅಥವಾ ಸ್ವಂತ ಜೇಬು. ಚಿಕಿತ್ಸೆಯ ಮಟ್ಟಿಗೆ 2025ರ ಮೇ ತಿಂಗಳಲ್ಲಿ ಅಧಿಸೂಚಿತವಾದ ನಗದುರಹಿತ ಚಿಕಿತ್ಸಾ ಯೋಜನೆ ಅಪಘಾತದ ದಿನದಿಂದ 7 ದಿನಗಳವರೆಗೆ, ಒಬ್ಬರಿಗೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ನೆರವಾಗುತ್ತದೆ.

ಸ್ಥಳದಲ್ಲೇ ರಾಜಿ

ಸಣ್ಣ ಅಪಘಾತಗಳು ಬಹುಪಾಲು ಠಾಣೆಯ ಮೆಟ್ಟಿಲು ಹತ್ತುವುದಿಲ್ಲ. ಕ್ಲೇಮ್ ಮಾಡಿದರೆ ಶೇ. 20ರಿಂದ 50ರವರೆಗೆ ಸಿಗುವ ನೋ ಕ್ಲೇಮ್ ಬೋನಸ್ ಕೈತಪ್ಪುತ್ತದೆ. ಹೀಗಾಗಿ ಕೆಲವು ಸಾವಿರ ರೂಪಾಯಿಯ ಕೆಲಸಕ್ಕೆ ಎರಡೂ ಕಡೆಯವರು ಮಾತಾಡಿ ಮುಗಿಸುತ್ತಾರೆ. ಹಣದ ವಿಷಯದಲ್ಲಿ ಇಂಥ ರಾಜಿಗೆ ಕಾನೂನಿನ ಅಡ್ಡಿಯಿಲ್ಲ. ಎರಡೂ ವಾಹನಗಳ ಸಂಖ್ಯೆ, ದಿನಾಂಕ, ಮೊತ್ತ, ಇನ್ನು ಮುಂದೆ ತಕರಾರಿಲ್ಲ ಎಂಬ ಮಾತು ಮತ್ತು ಇಬ್ಬರ ಸಹಿ ಇರುವ ಕಾಗದ ನಂತರದ ವಿವಾದದಲ್ಲಿ ಸಾಕ್ಷ್ಯವಾಗುತ್ತದೆ. ರಾಜಿಯಾದ ಮಾತ್ರಕ್ಕೆ 134ರ ವರದಿಯ ಕರ್ತವ್ಯ ಅಳಿಸಿಹೋಗದು, ಆದರೂ ದೂರುದಾರನೇ ಇಲ್ಲದ ಮೇಲೆ ಮೊಕದ್ದಮೆ ನಡೆಯುವುದು ವಿರಳ. ಪ್ರಥಮ ವರ್ತಮಾನ ವರದಿ ದಾಖಲಾದ ಬಳಿಕ ದಾರಿ ಕಿರಿದಾಗುತ್ತದೆ. 281ರ ಅಪರಾಧ ಸಾರ್ವಜನಿಕರ ವಿರುದ್ಧದ್ದಾದ್ದರಿಂದ ಪಕ್ಷಗಾರರು ರಾಜಿ ಮಾಡಿಕೊಳ್ಳುವಂತಿಲ್ಲ. ಹೈಕೋರ್ಟ್ ತನ್ನ ಅಂತರ್ಗತ ಅಧಿಕಾರ ಬಳಸಿ ರದ್ದುಪಡಿಸಬೇಕಾಗುತ್ತದೆ.

ಬೇರೆ ದೇಶಗಳಲ್ಲಿ

ಬ್ರಿಟನ್ನಿನ 1988ರ ರಸ್ತೆ ಸಂಚಾರ ಕಾಯ್ದೆಯ 170ನೆಯ ಕಲಂ ಪೊಲೀಸರು ಹೇಳಲಿ ಬಿಡಲಿ, ಚಾಲಕ ನಿಲ್ಲಲೇಬೇಕೆಂದು ವಿಧಿಸುತ್ತದೆ. ಹೆಸರು ವಿಳಾಸ ಕೊಡಲಾಗದಿದ್ದರೆ 24 ಗಂಟೆಯೊಳಗೆ ಪೊಲೀಸರಿಗೆ ವರದಿ ಮಾಡಬೇಕು. ಅಲ್ಲಿನ ಪ್ರಾಣಿಗಳ ಪಟ್ಟಿಯಲ್ಲಿ ಆನೆ, ಒಂಟೆ ಇಲ್ಲ, ನಾಯಿ ಮತ್ತು ಹಂದಿ ಇವೆ. ಕನ್ನಡಿಗರು ಹೆಚ್ಚಾಗಿ ನೆಲೆಸಿರುವ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಆಸ್ತಿಹಾನಿ ಮಾಡಿ ಹೋಗುವುದಕ್ಕೆ 6 ತಿಂಗಳವರೆಗಿನ ಸೆರೆವಾಸ ಅಥವಾ 1,000 ಡಾಲರ್‌ವರೆಗಿನ ದಂಡ ಇದೆ. ನಿಂತ ಕಾರಿಗೆ ತಾಗಿಸಿದರೆ ಎದ್ದು ಕಾಣುವಂತೆ ಚೀಟಿ ಬಿಡುವುದು ಅಲ್ಲಿ ಕಾನೂನೇ ಹೇಳಿದ ವಿಧಾನ, ಜೊತೆಗೆ ಪೊಲೀಸರಿಗೂ ತಿಳಿಸಬೇಕು. ಜರ್ಮನಿಯ ದಂಡ ಸಂಹಿತೆಯ 142 ಇನ್ನೂ ಕಟ್ಟುನಿಟ್ಟು. ಬಾಧಿತ ಬರುವವರೆಗೆ ಸಮಂಜಸ ಹೊತ್ತು ಕಾಯಬೇಕು, ಬರಿಯ ಚೀಟಿ ಸಾಲದು, ಗರಿಷ್ಠ ಶಿಕ್ಷೆ 3 ವರ್ಷ.

ಇಂದಿನ ಸ್ಥಿತಿ

ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ ನಡೆದ 4,61,312 ಅಪಘಾತಗಳಲ್ಲಿ 67,387 ಹಿಟ್ ಅಂಡ್ ರನ್ ವರ್ಗದವು. ಅವುಗಳಲ್ಲಿ 30,486 ಜನ ಸತ್ತರು. ಸಣ್ಣ ಅಪಘಾತಗಳು ಬಹುತೇಕ ವರದಿಯಾಗದ ಕಾರಣ ಅವುಗಳಲ್ಲಿನ ಸ್ಥಳತ್ಯಾಗದ ಪ್ರಮಾಣವನ್ನು ಈ ಅಂಕಿಗಳಿಂದ ಅಳೆಯಲಾಗದು.

ನ್ಯಾಯ ಸಂಹಿತೆಯ 106ನೆಯ ಕಲಮಿನ 2ನೆಯ ಉಪಕಲಂ, ಸಾವು ಸಂಭವಿಸಿದ ಅಪಘಾತವನ್ನು ಪೊಲೀಸರಿಗಾಗಲಿ ಮ್ಯಾಜಿಸ್ಟ್ರೇಟರಿಗಾಗಲಿ ತಿಳಿಸದೆ ಪರಾರಿಯಾದ ಚಾಲಕನಿಗೆ 10 ವರ್ಷದವರೆಗಿನ ಸೆರೆವಾಸ ಹೇಳುತ್ತದೆ. 2024ರ ಜನವರಿಯಲ್ಲಿ ಲಾರಿ ಮತ್ತು ಟ್ಯಾಂಕರ್ ಚಾಲಕರು ಇದರ ವಿರುದ್ಧ ಮುಷ್ಕರ ಹೂಡಿದರು. ಫೆಬ್ರುವರಿಯ ಅಧಿಸೂಚನೆ ಸಂಹಿತೆ ಜುಲೈ 1ರಂದು ಜಾರಿಯಾಗುವುದೆಂದು ಸಾರುತ್ತಲೇ ಈ ಒಂದು ಉಪಕಲಮನ್ನು ಹೊರಗಿಟ್ಟಿತು. ಸಣ್ಣ ಅಪಘಾತಗಳಿಗೆ ಅದು ಹೇಗೂ ಅನ್ವಯಿಸುವುದಿಲ್ಲ.

ಗಾಯಾಳುವಿಗೆ ನೆರವಾಗುವ ದಾರಿಹೋಕರಿಗೆ 2019ರ ತಿದ್ದುಪಡಿಯ 134ಎ ರಕ್ಷಣೆ ಕೊಟ್ಟಿದೆ. ಕರ್ನಾಟಕ ಅದಕ್ಕೂ ಮೊದಲೇ 2016ರಲ್ಲಿ ತನ್ನದೇ ಜೀವರಕ್ಷಕರ ಕಾಯ್ದೆ ರೂಪಿಸಿತ್ತು, 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಈ ರಕ್ಷಣೆ ಅಪಘಾತ ಮಾಡಿದ ಚಾಲಕನಿಗೆ ಸಲ್ಲುವುದಿಲ್ಲ.

ಅಪಘಾತದ ಸ್ಥಳದಿಂದ 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್, 112ಕ್ಕೆ ಮಾಡಿದರೆ ಪೊಲೀಸರು ಸಿಗುತ್ತಾರೆ. ಆ ಕರೆ ಚಾಲಕ ಸುಮ್ಮನಿರಲಿಲ್ಲ ಎಂಬುದಕ್ಕೆ ಸಾಕ್ಷಿಯಾಗುತ್ತದೆ. ಪೊಲೀಸರು ಸ್ಥಳಕ್ಕೆ ಬರದಿದ್ದರೆ 24 ಗಂಟೆಯೊಳಗೆ ಹತ್ತಿರದ ಠಾಣೆಗೆ ಹೋಗಿ ವರದಿ ಮಾಡುವ ಕರ್ತವ್ಯ ಕರೆಯ ನಂತರವೂ ಉಳಿದಿರುತ್ತದೆ.